ತಿರುಪ್ಪೂರಿನ ಬೆನ್ನಿಗಿರುವ ಆನೆಮಲೆ: ನೋಡಲು ಹೋಗುವ ಮೊದಲು ತಿಳಿದಿರಬೇಕಾದ ಸಂಗತಿಗಳು

ಪರ್ವತ ನೋಡಬೇಕು ಅಂತ ಆಸೆಪಡುವವರ ಪಟ್ಟಿಯಲ್ಲಿ ಮೊದಲು ಬರುವುದು ಸ್ವಿಟ್ಜರ್ಲೆಂಡಿನ ಆಲ್ಪ್ಸ್, ಆಮೇಲೆ ಕಾಶ್ಮೀರದ ಹಿಮಾಲಯ. ಗಲ್ಫ್‌ನಲ್ಲಿ ದುಡಿಯುವ ಯುವಕರು ಈಗ ಪೆರ್ನಾಲ್ ರಜೆಗೆ ಜಾರ್ಜಿಯಾ, ಅಝರ್‌ಬೈಜಾನ್ ಕಡೆ ಹೋಗಿ ಕಾಕಸಸ್ ಪರ್ವತದ ಫೋಟೋಗಳನ್ನು ಸ್ಟೇಟಸ್‌ಗೆ ಹಾಕುತ್ತಾರೆ. ಎಲ್ಲವೂ ನೋಡಬೇಕಾದ ಜಾಗಗಳೇ. ಆದರೆ ಪ್ರಪಂಚದ ದೊಡ್ಡ ಪರ್ವತ ಸಾಲುಗಳ ಪೈಕಿ ಒಂದು ನಮ್ಮ ವ್ಯಾಪಾರದ ದಾರಿಯಲ್ಲೇ ಇದೆ. ಬಟ್ಟೆ ಖರೀದಿಗೆ ತಿರುಪ್ಪೂರಿಗೆ ಹೋಗಿ ಬರುವ ಬ್ಯಾರಿ ವ್ಯಾಪಾರಿಗಳಲ್ಲಿ ಹೆಚ್ಚಿನವರು ಖಾದರ್‌ಪೇಟೆಯ ಬನಿಯನ್ ಅಂಗಡಿಗಳನ್ನು ನೋಡಿ, ಪಾರ್ಸೆಲ್ ಬುಕ್ ಮಾಡಿ, ರಾತ್ರಿ ರೈಲು ಹತ್ತಿ ವಾಪಸಾಗುತ್ತಾರೆ. ಅಲ್ಲಿಂದ ಒಂದೆರಡು ಗಂಟೆ ದಕ್ಷಿಣಕ್ಕೆ ಹೋದ್ರೆ ಸಿಗುವ ಆನೆಮಲೆ ಬೆಟ್ಟಸಾಲಿನ ಕಡೆ ತಿರುಗಿ ನೋಡುವವರು ಕಡಿಮೆ.

ಚಾರ್ಮಾಡಿಯದ್ದೇ ಮುಂದುವರಿಕೆ

ತಮಿಳರು ಆನೈಮಲೈ ಎನ್ನುವ ಆನೆಮಲೆ ಬೇರೆ ಯಾವುದೋ ಬೆಟ್ಟ ಅಲ್ಲ. ನಮ್ಮ ಚಾರ್ಮಾಡಿ, ಶಿರಾಡಿ ಘಾಟಿಗಳಿರುವ ಪಶ್ಚಿಮ ಘಟ್ಟದ ದಕ್ಷಿಣದ ತುಂಡು ಅದು. ಸುಮಾರು 1,600 ಕಿ.ಮೀ. ಉದ್ದದ ಈ ಘಟ್ಟ ಹಿಮಾಲಯಕ್ಕಿಂತ ಹಳೆಯದು. 2012ರಲ್ಲಿ ಯುನೆಸ್ಕೊ ಇದರ 39 ತಾಣಗಳನ್ನು ವಿಶ್ವ ಪರಂಪರೆಯ ಪಟ್ಟಿಗೆ ಸೇರಿಸಿತು. ದಕ್ಷಿಣ ಭಾರತದ ಅತಿ ಎತ್ತರದ ಶಿಖರ ಆನೆಮುಡಿ ಇರುವುದೂ ಆನೆಮಲೆ ಸಾಲಿನಲ್ಲೇ. ಅದರ ಎತ್ತರ 2,695 ಮೀಟರ್. ಶಿಖರ ಕೇರಳದ ಇಡುಕ್ಕಿ ಜಿಲ್ಲೆಗೆ ಸೇರಿದರೂ ಸಾಲಿನ ಉತ್ತರದ ಇಳಿಜಾರು ತಮಿಳುನಾಡಿನ ಕೊಯಮತ್ತೂರು ಮತ್ತು ತಿರುಪ್ಪೂರು ಜಿಲ್ಲೆಗಳಲ್ಲಿದೆ.

ಎತ್ತರ ಮಾತ್ರ ನೋಡಿದರೆ ಆಲ್ಪ್ಸ್, ಹಿಮಾಲಯದ ಎದುರು ಇದು ಸಣ್ಣದು. ಇಲ್ಲಿ ಹಿಮ ಇಲ್ಲ. ಇರುವುದು ಮಳೆಕಾಡು, ಶೋಲಾ ಕಾಡು, ಹುಲ್ಲುಗಾವಲು, ಆನೆ, ಹುಲಿ, ಸಿಂಗಳೀಕ. ಬೇರೆ ಎಲ್ಲೂ ಕಾಣದ ಗಿಡ, ಕಪ್ಪೆ, ಹಕ್ಕಿಗಳು ಇಲ್ಲಿವೆ. ಈ ಕಾರಣಕ್ಕೇ ಯುನೆಸ್ಕೊ ಇದನ್ನು ಗುರುತಿಸಿದ್ದು.

ರೈಲಿನ ಕಿಟಕಿಯಿಂದ ಕಾಣುವ ಬಾಗಿಲು

ಮಂಗಳೂರಿನಿಂದ ಕೊಯಮತ್ತೂರಿಗೆ ಇಂಟರ್‌ಸಿಟಿ ರೈಲಿದೆ. ವೆಸ್ಟ್ ಕೋಸ್ಟ್ ಎಕ್ಸ್‌ಪ್ರೆಸ್ ಕೊಯಮತ್ತೂರು, ತಿರುಪ್ಪೂರು ದಾಟಿ ಚೆನ್ನೈಗೆ ಹೋಗುತ್ತದೆ. ಈ ರೈಲುಗಳು ಕಡಲ ಬದಿಯಲ್ಲೇ ಸಾಗಿ ಶೊರನೂರಿನ ಬಳಿ ಪೂರ್ವಕ್ಕೆ ತಿರುಗುತ್ತವೆ. ಆಮೇಲೆ ಸಕಲೇಶಪುರದ ದಾರಿಯಲ್ಲಿ ಇರುವಂಥ ಸುರಂಗಗಳ ಸಾಲೂ ಇಲ್ಲ, ಘಾಟಿಯೂ ಇಲ್ಲ. ಪಾಲಕ್ಕಾಡ್ ದಾಟಿ ಸಲೀಸಾಗಿ ತಮಿಳುನಾಡಿಗೆ ಹೋಗಿಬಿಡುತ್ತವೆ.

ಇದಕ್ಕೆ ಕಾರಣ ಪಾಲಕ್ಕಾಡ್ ಕಣಿವೆ. ಗೋಡೆಯಂತೆ ನಿಂತಿರುವ ಪಶ್ಚಿಮ ಘಟ್ಟದಲ್ಲಿ ಇಲ್ಲಿ ಮಾತ್ರ ಸುಮಾರು 30ರಿಂದ 40 ಕಿ.ಮೀ. ಅಗಲದ ದೊಡ್ಡ ಬಾಗಿಲು ತೆರೆದಿದೆ. ರೈಲು ಪೂರ್ವಕ್ಕೆ ಹೋಗುವಾಗ ಎಡಗಡೆಯದ್ದು ನೀಲಗಿರಿಯ ಕಡೆಯ ಬೆಟ್ಟಗಳು, ಬಲಗಡೆ ದೂರದಲ್ಲಿರುವುದು ಆನೆಮಲೆ. ಶತಮಾನಗಳಿಂದ ವ್ಯಾಪಾರಿಗಳೂ ಸೈನ್ಯಗಳೂ ಇದೇ ದಾರಿಯಲ್ಲಿ ಓಡಾಡಿದ್ದಾರೆ. ಹೈದರಾಲಿ 1766ರಲ್ಲಿ ಪಾಲಕ್ಕಾಡ್ ಕೋಟೆ ಕಟ್ಟಿಸಿದ್ದು ಈ ಬಾಗಿಲನ್ನು ಕೈಯಲ್ಲಿ ಇಟ್ಟುಕೊಳ್ಳಲಿಕ್ಕೇ. ಕೊಯಮತ್ತೂರು ಸೀಮೆ 1799ರವರೆಗೆ ಮೈಸೂರಿನ ಕೈಯಲ್ಲಿತ್ತು. ಮನೆಯಲ್ಲಿ ಇವತ್ತಿಗೂ ಕನ್ನಡ ಮಾತಾಡುವ ದೇವಾಂಗ ನೇಕಾರರ ಕುಟುಂಬಗಳು ಆ ಕಡೆ ಸಾಕಷ್ಟಿವೆ.

ಕಣಿವೆಯ ಕಾಡಿನ ಭಾಗದಲ್ಲಿ, ವಾಳಯಾರ್ ಮತ್ತು ಮದುಕ್ಕರೈ ನಡುವೆ, ರೈಲು ಬಡಿದು ಹಲವು ಆನೆಗಳು ಸತ್ತಿವೆ. ಮದುಕ್ಕರೈಯಲ್ಲಿ 2024ರಿಂದ ಕ್ಯಾಮೆರಾ ಮತ್ತು ಕೃತಕ ಬುದ್ಧಿಮತ್ತೆ ಬಳಸಿ ಹಳಿ ಹತ್ತಿರ ಬರುವ ಆನೆಗಳ ಸುಳಿವು ಕೊಡುವ ವ್ಯವಸ್ಥೆ ಕೆಲಸ ಮಾಡುತ್ತಿದೆ.

ಬನಿಯನ್‌ಗೂ ಬೆಟ್ಟಕ್ಕೂ ಏನು ಸಂಬಂಧ?

ತಿರುಪ್ಪೂರಿನ ವ್ಯಾಪಾರಕ್ಕೂ ಈ ಬೆಟ್ಟಗಳಿಗೂ ನೇರ ಸಂಬಂಧ ಇದೆ. ಕೊಯಮತ್ತೂರಿನ ಮೊದಲ ದೊಡ್ಡ ನೂಲಿನ ಗಿರಣಿ ಶುರುವಾದದ್ದು 1888ರಲ್ಲಿ. ಆದರೆ ಗಿರಣಿಗಳು ಸಾಲುಸಾಲಾಗಿ ಎದ್ದದ್ದು 1932ರಲ್ಲಿ ನೀಲಗಿರಿಯ ಪೈಕಾರ ಜಲವಿದ್ಯುತ್ ಬಂದ ಮೇಲೆ. ಬೆಟ್ಟದ ನೀರಿನಿಂದ ಕರೆಂಟ್, ಕರೆಂಟಿನಿಂದ ನೂಲು, ನೂಲಿನಿಂದ ಬನಿಯನ್.

ಗಾಳಿಯೂ ಬೆಟ್ಟದ ಕೊಡುಗೆಯೇ. ಮುಂಗಾರಿನಲ್ಲಿ ಪಾಲಕ್ಕಾಡ್ ಕಣಿವೆಯಿಂದ ನುಗ್ಗುವ ಗಾಳಿಯ ಬಲದಿಂದ ಪಲ್ಲಡಂ, ಉಡುಮಲಪೇಟೆ ಸುತ್ತಮುತ್ತ ಸಾವಿರಾರು ಗಾಳಿಯಂತ್ರಗಳು ತಿರುಗುತ್ತವೆ. ಕುಡಿಯುವ, ಬೆಳೆಗೆ ಬಿಡುವ ನೀರಿನ ಕಥೆಯೂ ಅದೇ. ಕೊಯಮತ್ತೂರು ನಗರಕ್ಕೆ ಸಿರುವಾಣಿ ಬೆಟ್ಟದ ನೀರು ಬರುತ್ತದೆ. ಆನೆಮಲೆಯಲ್ಲಿ ಹುಟ್ಟಿ ಪಶ್ಚಿಮಕ್ಕೆ ಹರಿಯುತ್ತಿದ್ದ ನದಿಗಳ ನೀರನ್ನು ಸುರಂಗ, ಕಾಲುವೆಗಳ ಮೂಲಕ ಪೂರ್ವದ ಬಯಲಿಗೆ ತಿರುಗಿಸುವುದು ಪರಂಬಿಕುಳಂ–ಆಳಿಯಾರ್ ಯೋಜನೆ. ಇದಕ್ಕೆ ಕೇರಳ ಮತ್ತು ತಮಿಳುನಾಡು ನಡುವೆ 1970ರಲ್ಲಿ ಒಪ್ಪಂದವಾಯಿತು. ಎರಡೂ ಜಿಲ್ಲೆಗಳಲ್ಲಿ ಲಕ್ಷಾಂತರ ಎಕರೆಗೆ ಈ ನೀರು ಸಿಗುತ್ತದೆ.

ನೀರಿಗೆ ಆದ ಅನ್ಯಾಯವೂ ಇಲ್ಲೇ ಇದೆ. ವೆಳ್ಳಿಯಂಗಿರಿ ಬೆಟ್ಟದಲ್ಲಿ ಹುಟ್ಟುವ ನೊಯ್ಯಲ್ ನದಿ ಕೊಯಮತ್ತೂರು, ತಿರುಪ್ಪೂರು ದಾಟಿ ಕಾವೇರಿಗೆ ಸೇರುತ್ತದೆ. ಬಟ್ಟೆಗೆ ಬಣ್ಣ ಹಾಕುವ ಘಟಕಗಳ ಕೊಳಕು ನೀರಿನಿಂದ ಈ ನದಿ ಹಾಳಾಯಿತು. ಕೃಷಿಗೆಂದು ಕಟ್ಟಿದ ಒರತ್ತುಪಾಳಯಂ ಅಣೆಕಟ್ಟು ಬಣ್ಣದ ನೀರಿನ ಗುಂಡಿಯಾಯಿತು. ರೈತರು ಕೋರ್ಟಿಗೆ ಹೋದರು. 2011ರ ಜನವರಿಯಲ್ಲಿ ಮದ್ರಾಸ್ ಹೈಕೋರ್ಟ್ ತಿರುಪ್ಪೂರಿನ ಡೈಯಿಂಗ್ ಘಟಕಗಳನ್ನು ಮುಚ್ಚಲು ಆದೇಶಿಸಿತು. ಕೊಳಕು ನೀರನ್ನು ಹೊರಗೆ ಬಿಡದೆ ಶುದ್ಧಮಾಡಿ ಮತ್ತೆ ಬಳಸುವ ವ್ಯವಸ್ಥೆ ಮಾಡಿದವರಿಗೆ ಮಾತ್ರ ಮತ್ತೆ ತೆರೆಯಲು ಅವಕಾಶ ಸಿಕ್ಕಿತು. ಅಗ್ಗದ ಬನಿಯನ್ನಿನ ಬೆಲೆಯಲ್ಲಿ ಬೆಟ್ಟದ ನದಿಯೊಂದರ ಲೆಕ್ಕ ಸೇರಿರಲಿಲ್ಲ ಅನ್ನೋದು ಆಗ ಎಲ್ಲರಿಗೂ ಗೊತ್ತಾಯಿತು.

ಎಲ್ಲಿ ಏನು ನೋಡಬಹುದು?

*ವಾಲ್ಪಾರೈ:* ಕೊಯಮತ್ತೂರಿನ ಉಕ್ಕಡಂ ಬಸ್ ನಿಲ್ದಾಣದಿಂದ ಪೊಳ್ಳಾಚಿಗೆ ಬಸ್ ಇದೆ. ಪೊಳ್ಳಾಚಿಯಿಂದ ವಾಲ್ಪಾರೈ ಸುಮಾರು 64 ಕಿ.ಮೀ. ಆಳಿಯಾರ್ ಅಣೆಕಟ್ಟು ದಾಟಿದ ಮೇಲೆ 40 ಹೇರ್‌ಪಿನ್ ತಿರುವುಗಳು. ಒಂಬತ್ತನೇ ತಿರುವಿನ ಲೋಮ್ಸ್ ವ್ಯೂಪಾಯಿಂಟ್‌ನಿಂದ ಇಡೀ ಆಳಿಯಾರ್ ಜಲಾಶಯ ಕಾಲ ಕೆಳಗೆ ಕಾಣುತ್ತದೆ. ಇದೇ ಬಂಡೆಗಳಲ್ಲಿ ತಮಿಳುನಾಡಿನ ರಾಜ್ಯ ಪ್ರಾಣಿ ನೀಲಗಿರಿ ತಾರ್ ಎಂಬ ಕಾಡು ಆಡು ನಿಂತಿರುವುದು ಅನೇಕ ಸಲ ಕಾಣಸಿಗುತ್ತದೆ. ತಮಿಳುನಾಡಿನಲ್ಲಿ 2024ರ ಗಣತಿಯಲ್ಲಿ 1,031, 2025ರಲ್ಲಿ 1,303 ತಾರ್‌ಗಳು ಲೆಕ್ಕಕ್ಕೆ ಸಿಕ್ಕವು.

ಮೇಲೆ ಹೋದ್ರೆ ಕಣ್ಣು ಹಾಯುವಷ್ಟು ದೂರ ಟೀ ತೋಟ, ನಡುನಡುವೆ ಕಾಡಿನ ತುಂಡುಗಳು. ಹತ್ತಿರದ ಚಿನ್ನಕಲ್ಲಾರ್ ತಮಿಳುನಾಡಿನಲ್ಲಿ ಅತಿ ಹೆಚ್ಚು ಮಳೆ ಬೀಳುವ ಸ್ಥಳಗಳಲ್ಲಿ ಒಂದು. ಪುದುತೋಟ್ಟಂ ಬಳಿ ಸಿಂಗಳೀಕಗಳು ರಸ್ತೆ ದಾಟಲು ಮರದಿಂದ ಮರಕ್ಕೆ ಸೇತುವೆ ಕಟ್ಟಿದ್ದಾರೆ.

ಈ ತೋಟಗಳ ಹಸಿರಿನ ಹಿಂದೆ ಕೂಲಿಕಾರರ ಕಷ್ಟದ ಇತಿಹಾಸ ಇದೆ. ಬ್ರಿಟಿಷರ ಕಾಲದಲ್ಲಿ ಬಯಲು ಸೀಮೆಯಿಂದ ಮುಂಗಡದ ಆಸೆ ತೋರಿಸಿ ಜನರನ್ನು ಬೆಟ್ಟ ಹತ್ತಿಸಿದರು. ಮಲೇರಿಯಾ, ಹಸಿವು, ಏಟಿನಿಂದ ಎಷ್ಟೋ ಜನ ವಾಪಸ್ ಬರಲಿಲ್ಲ. ಈ ತೋಟಗಳಲ್ಲಿ ವೈದ್ಯರಾಗಿದ್ದ ಡಾ. ಪಿ. ಎಚ್. ಡೇನಿಯಲ್ ಇದನ್ನೇ ‘ರೆಡ್ ಟೀ’ ಎಂಬ ಇಂಗ್ಲಿಷ್ ಕಾದಂಬರಿಯಾಗಿ ಬರೆದರು. 2013ರ ‘ಪರದೇಸಿ’ ಎಂಬ ತಮಿಳು ಸಿನಿಮಾಕ್ಕೆ ಆಧಾರ ಅದೇ ಕಾದಂಬರಿ.

*ಟಾಪ್‌ಸ್ಲಿಪ್:* ಹಿಂದೆ ತೇಗದ ದಿಮ್ಮಿಗಳನ್ನು ಬೆಟ್ಟದ ತುದಿಯಿಂದ ಕೆಳಕ್ಕೆ ಜಾರಿಸುತ್ತಿದ್ದರು. ಅದರಿಂದ ಬಂದ ಹೆಸರು ಇದು. ಹಡಗು ಕಟ್ಟಲು ಕಡಿದು ಕಡಿದು ಬೋಳಾಗಿದ್ದ ಕಾಡನ್ನು ಮತ್ತೆ ಬೆಳೆಸಿದವರು ಹ್ಯೂಗೊ ವುಡ್ ಎಂಬ ಅರಣ್ಯಾಧಿಕಾರಿ. 1933ರಲ್ಲಿ ತೀರಿಕೊಂಡ ಅವರ ಸಮಾಧಿ ಇಲ್ಲೇ, ತೇಗದ ಮರಗಳ ನಡುವೆ ಇದೆ. ಸ್ಮಾರಕ ಬೇಕಿದ್ದರೆ ಸುತ್ತ ನೋಡಿ ಅನ್ನುವ ಅರ್ಥದ ಲ್ಯಾಟಿನ್ ಸಾಲು ಅದರ ಮೇಲಿದೆ. ಹತ್ತಿರದಲ್ಲೇ ಕೋಳಿಕಮುತ್ತಿ ಆನೆ ಶಿಬಿರ ಇದೆ. ಕಾಡರ್, ಮಲಸರ್, ಮುದುವರ್ ಮೊದಲಾದ ಆದಿವಾಸಿಗಳು ಈ ಕಾಡಿನ ಮೂಲ ನಿವಾಸಿಗಳು. ಶಿಬಿರದ ಮಾವುತರೂ ಅವರೇ.

*ಉಡುಮಲಪೇಟೆ ಕಡೆ:* 2009ರಲ್ಲಿ ತಿರುಪ್ಪೂರು ಜಿಲ್ಲೆಯಾದಾಗ ಉಡುಮಲಪೇಟೆ ಅದಕ್ಕೆ ಸೇರಿತು. ಇಲ್ಲಿಂದ ಸುಮಾರು 20 ಕಿ.ಮೀ. ದೂರದಲ್ಲಿ ತಿರುಮೂರ್ತಿ ಬೆಟ್ಟ, ಅಣೆಕಟ್ಟು, ಪಂಚಲಿಂಗ ಜಲಪಾತ. ಇನ್ನೊಂದು ಕಡೆ ಅಮರಾವತಿ ಅಣೆಕಟ್ಟು ಮತ್ತು ಅದರ ಮೊಸಳೆ ಪಾಲನಾ ಕೇಂದ್ರ. ಇಲ್ಲಿಂದ ಚಿನ್ನಾರ್, ಮರಯೂರು ಮೂಲಕ ಮುನ್ನಾರ್‌ಗೆ ಹೋಗುವ ರಸ್ತೆ ವಿಚಿತ್ರವಾದದ್ದು. ವಾಲ್ಪಾರೈಯಲ್ಲಿ ಮಳೆ ಸುರಿಯುವಾಗ ಅದೇ ಬೆಟ್ಟದ ಈ ಪಕ್ಕ ಮಳೆನೆರಳಿನಲ್ಲಿ ಒಣಗಿ, ಕುರುಚಲು ಮುಳ್ಳಿನ ಕಾಡಾಗಿ ನಿಂತಿರುತ್ತದೆ. ಮುಂದೆ ಮರಯೂರಿನಲ್ಲಿ ಶ್ರೀಗಂಧದ ಕಾಡು, ಪ್ರಾಚೀನ ಕಲ್ಲಿನ ಸಮಾಧಿಗಳು, ಆಮೇಲೆ ಟೀ ತೋಟ. ಒಂದೇ ದಿನದಲ್ಲಿ ಮೂರು ಬಗೆಯ ಹವೆ ನೋಡಬಹುದು.

*ವೆಳ್ಳಿಯಂಗಿರಿ:* ಕೊಯಮತ್ತೂರಿನ ಪಶ್ಚಿಮಕ್ಕಿರುವ ಈ ಏಳು ಬೆಟ್ಟಗಳು ಹಿಂದೂ ಯಾತ್ರಿಕರಿಗೆ ಪವಿತ್ರ. ಅರಣ್ಯ ಇಲಾಖೆ ಬೇಸಿಗೆಯ ಕೆಲವು ತಿಂಗಳು ಮಾತ್ರ ಹತ್ತಲು ಬಿಡುತ್ತದೆ. ಕಡಿದಾದ ಏರು. ಹೃದಯದ ತೊಂದರೆ ಇದ್ದವರು ಹತ್ತಬಾರದು ಎಂದು ಅಧಿಕಾರಿಗಳು ಪ್ರತಿವರ್ಷ ಹೇಳುತ್ತಾರೆ. ಆದರೂ ಸಾವುಗಳು ಆಗಿವೆ.

ಚೆಂದದ ಜಾಗದಲ್ಲಿ ಆದ ಸಾವುಗಳು

2023ರ ಅಕ್ಟೋಬರ್‌ನಲ್ಲಿ ಕೊಯಮತ್ತೂರಿನಿಂದ ವಾಲ್ಪಾರೈಗೆ ಟ್ರಿಪ್ ಹೋದ ಐವರು ಕಾಲೇಜು ವಿದ್ಯಾರ್ಥಿಗಳು ಅಲ್ಲಿನ ಹೊಳೆಯಲ್ಲಿ ಮುಳುಗಿ ಸತ್ತರು. ಬೆಟ್ಟದ ಹೊಳೆ ನೋಡಲು ಶಾಂತ. ಆದರೆ ಅಡಿಯಲ್ಲಿ ಬಂಡೆ, ಸುಳಿ, ದಿಢೀರ್ ಆಳ. ಮೇಲೆ ಎಲ್ಲೋ ಮಳೆ ಬಂದರೆ ಇಲ್ಲಿ ಬಿಸಿಲಿದ್ದರೂ ನೀರು ಏರುತ್ತದೆ. ನೇತ್ರಾವತಿ, ಕುಮಾರಧಾರೆ ದಡದ ಜನರಿಗೆ ಇದನ್ನು ವಿವರಿಸಬೇಕಾಗಿಲ್ಲ. ಈಜು ಬರುತ್ತದೆ ಅನ್ನುವ ಧೈರ್ಯ ಗೊತ್ತಿಲ್ಲದ ಹೊಳೆಯಲ್ಲಿ ಕೆಲಸಕ್ಕೆ ಬರೋದಿಲ್ಲ.

2025ರ ಫೆಬ್ರವರಿಯಲ್ಲಿ ಪೊಳ್ಳಾಚಿ–ವಾಲ್ಪಾರೈ ರಸ್ತೆಯಲ್ಲಿ ಬೈಕ್‌ನಲ್ಲಿ ಹೋಗುತ್ತಿದ್ದ 77 ವರ್ಷದ ಜರ್ಮನ್ ಪ್ರವಾಸಿಯೊಬ್ಬರನ್ನು ಕಾಡಾನೆ ಕೊಂದಿತು. ಅದೇ ವರ್ಷ ವಾಲ್ಪಾರೈಯ ಎಸ್ಟೇಟ್ ಕಾರ್ಮಿಕರ ಮಕ್ಕಳು ಕಾಡುಪ್ರಾಣಿಗಳ ದಾಳಿಗೆ ಬಲಿಯಾದರು. ಪ್ರವಾಸಿ ಎರಡು ದಿನ ಇದ್ದು ಹೋಗುತ್ತಾನೆ. ಕಾರ್ಮಿಕರು ವರ್ಷವಿಡೀ ಆ ಭಯದಲ್ಲೇ ಬದುಕುತ್ತಾರೆ.

ಈ ಭಯ ಕಡಿಮೆ ಮಾಡಲು ಅಲ್ಲಿ ಒಂದು ಒಳ್ಳೆಯ ಕೆಲಸ ನಡೆದಿದೆ. ನೇಚರ್ ಕನ್ಸರ್ವೇಶನ್ ಫೌಂಡೇಶನ್ ಸಂಸ್ಥೆ ಅರಣ್ಯ ಇಲಾಖೆಯ ಜೊತೆ ಸೇರಿ, ಆನೆಗಳು ಎಲ್ಲಿವೆ ಎಂಬುದನ್ನು ಜನರ ಮೊಬೈಲ್‌ಗೆ ತಿಳಿಸುವ ವ್ಯವಸ್ಥೆ ಮಾಡಿತು. ಆನೆ ಹತ್ತಿರ ಇದ್ದರೆ ಎತ್ತರದ ಕಂಬದಲ್ಲಿ ಕೆಂಪು ದೀಪ ಉರಿಯುತ್ತದೆ. ಕೆಂಪು ದೀಪ ಕಂಡರೆ ಪ್ರವಾಸಿಗಳೂ ಮುಂದೆ ಹೋಗಬಾರದು.

ಹೊರಡುವ ಮೊದಲು

- ವಾಲ್ಪಾರೈಗೆ ಹೊರಗಿನ ವಾಹನದಲ್ಲಿ ಹೋಗುವವರಿಗೆ 2025ರ ನವೆಂಬರ್ 1ರಿಂದ ಇ–ಪಾಸ್ ಕಡ್ಡಾಯ ಮಾಡಲಾಗಿದೆ. ಹೊರಡುವ ಮೊದಲೇ ಆನ್‌ಲೈನ್‌ನಲ್ಲಿ ಮಾಡಿಕೊಳ್ಳಿ.
- ಪಶ್ಚಿಮ ಘಟ್ಟದ ಈ ಭಾಗದಲ್ಲಿ ಒಮ್ಮೆ ಬಳಸಿ ಬಿಸಾಡುವ ಪ್ಲಾಸ್ಟಿಕ್‌ಗೆ ಮದ್ರಾಸ್ ಹೈಕೋರ್ಟ್ 2025ರಲ್ಲಿ ನಿಷೇಧ ಹೇರಿದೆ. ಸ್ಟೀಲ್ ಬಾಟಲಿ ತೆಗೆದುಕೊಂಡು ಹೋಗಿ.
- ಆನೆಮಲೆ ಹುಲಿ ಮೀಸಲು ಪ್ರದೇಶದೊಳಗೆ ಅನುಮತಿ ಇಲ್ಲದೆ ಟ್ರೆಕ್ಕಿಂಗ್ ಅಪರಾಧ. ಟಾಪ್‌ಸ್ಲಿಪ್‌ನಲ್ಲಿ ಉಳಿಯಬೇಕಾದ್ರೆ ಅರಣ್ಯ ಇಲಾಖೆಯಲ್ಲಿ ಮೊದಲೇ ಬುಕ್ ಮಾಡಬೇಕು.
- ಘಾಟಿಯನ್ನು ಹಗಲಲ್ಲೇ ಹತ್ತಿ, ಹಗಲಲ್ಲೇ ಇಳಿಯಿರಿ. ಇಳಿಯುವಾಗ ಸಣ್ಣ ಗೇರ್ ಇರಲಿ. ಬರೀ ಬ್ರೇಕ್ ನಂಬಿದರೆ ಬಿಸಿಯಾಗಿ ಕೈಕೊಡುತ್ತದೆ.
- ಆನೆ ಕಂಡರೆ ಹಾರ್ನ್ ಬೇಡ, ಸೆಲ್ಫಿ ಬೇಡ. ದೂರದಲ್ಲೇ ನಿಂತು ದಾರಿ ಬಿಡಿ. ಮಂಗ, ಸಿಂಗಳೀಕಗಳಿಗೆ ತಿಂಡಿ ಹಾಕಬೇಡಿ.
- ಜೂನ್‌ನಿಂದ ಆಗಸ್ಟ್‌ವರೆಗೆ ವಾಲ್ಪಾರೈಯಲ್ಲಿ ಜೋರು ಮಳೆ, ಮಣ್ಣು ಕುಸಿತದ ಅಪಾಯ. ಮಳೆ ಹೆಚ್ಚಾದರೆ ಜಲಪಾತಗಳನ್ನು ಮುಚ್ಚುತ್ತಾರೆ. ಫೆಬ್ರವರಿ, ಮಾರ್ಚ್‌ನಲ್ಲಿ ಕಾಡ್ಗಿಚ್ಚಿನ ಭಯಕ್ಕೆ ಕೆಲವು ದಾರಿಗಳು ಬಂದ್ ಆಗಬಹುದು.

ತಿರುಪ್ಪೂರಿಗೆ ಖರೀದಿಗೆ ಹೋಗುವಾಗ ಒಂದು ದಿನ ಹೆಚ್ಚು ಇಟ್ಟುಕೊಂಡರೆ ಸಾಕು, ಉಡುಮಲಪೇಟೆ ಕಡೆಯ ಬೆಟ್ಟ ನೋಡಿ ಬರಬಹುದು. ಎರಡು ದಿನ ಇದ್ದರೆ ವಾಲ್ಪಾರೈ. ಆಲ್ಪ್ಸ್, ಕಾಕಸಸ್ ನೋಡಲು ವೀಸಾ, ವಿಮಾನದ ಟಿಕೆಟ್ ಬೇಕು. ಆನೆಮಲೆಗೆ ಮಂಗಳೂರಿನಿಂದ ಒಂದು ರೈಲು, ಎರಡು ಬಸ್. ಮನೆಯ ಹೆಂಗಸರು, ಮಕ್ಕಳನ್ನೂ ಕರಕೊಂಡು ಹೋಗುವಷ್ಟು ಹತ್ತಿರ. ಹೋದವರು ಅಂಗಡಿಗೆ ತಂದ ಬನಿಯನ್ನಿನ ನೂಲು, ಬಣ್ಣ, ಕರೆಂಟ್ ಎಲ್ಲದರ ಹಿಂದೆ ನಿಂತಿರುವ ಬೆಟ್ಟ ಯಾವುದು ಅಂತ ಮಕ್ಕಳಿಗೆ ತೋರಿಸಿ ಬರಲಿ.