ಮೂಲ ಉಳಿದು ರೂಪಾಂತರ ಅಳಿದಾಗ: ಜಪಾನಿನ ಮೂಕಿ ಚಿತ್ರಗಳು

ಗುಣಾಢ್ಯನ ಪೈಶಾಚೀ ಬೃಹತ್ಕಥೆ ಅಳಿದುಹೋಗಿ, ಅದರ ಸಂಸ್ಕೃತ ರೂಪಾಂತರಗಳು ಉಳಿದು ಬಂದುದು ಸಾಹಿತ್ಯಾಭ್ಯಾಸಿಗಳೆಲ್ಲರೂ ಬಲ್ಲ ಸಂಗತಿ. ಜಪಾನಿನ ಮೂಕಿ ಚಿತ್ರಗಳ ಚರಿತ್ರೆಯಲ್ಲಿ ಇದರ ವಿಪರ್ಯಯವನ್ನು ಕಾಣಬಹುದು. ಅಲ್ಲಿ ಪರದೇಶಗಳ ಮೂಲಕೃತಿಗಳು ಸುರಕ್ಷಿತವಾಗಿವೆ. ಅವುಗಳಿಂದ ಹುಟ್ಟಿದ ಎಷ್ಟೋ ಚಿತ್ರಗಳು ನಾಶವಾಗಿವೆ.

ಟಾಲ್‌ಸ್ಟಾಯ್ 1899ರಲ್ಲಿ ಪ್ರಕಟಿಸಿದ ‘ಪುನರುತ್ಥಾನ’ ಕಾದಂಬರಿಯನ್ನು ಫ್ರೆಂಚ್ ಲೇಖಕ ಆನ್ರಿ ಬತಾಯ್ ನಾಟಕವಾಗಿಸಿದನು. ಅದನ್ನು ಆಧರಿಸಿ ಶಿಮಾಮುರಾ ಹೋಗೆತ್ಸು 1914ರಲ್ಲಿ ಟೋಕಿಯೋದ ರಂಗಭೂಮಿಗೆ ಜಪಾನೀ ಪ್ರಯೋಗವನ್ನು ತಂದನು. ನಾಯಕಿ ಕತ್ಯೂಷಾಳ ಪಾತ್ರದಲ್ಲಿ ನಟಿ ಮಾತ್ಸುಯಿ ಸುಮಾಕೊ ಹಾಡಿದ ಗೀತೆ ನಾಡಿನಾದ್ಯಂತ ಹಬ್ಬಿತು. ಅದೇ ವರ್ಷ ನಿಕ್ಕಾತ್ಸು ಸಂಸ್ಥೆ ‘ಕತ್ಯೂಷಾ’ ಚಿತ್ರವನ್ನು ತಯಾರಿಸಿತು. ಆದರೆ ರಂಗದ ಮೇಲೆ ಸ್ತ್ರೀಯೇ ಅಭಿನಯಿಸಿದ ಪಾತ್ರವನ್ನು ತೆರೆಯ ಮೇಲೆ ಸ್ತ್ರೀವೇಷಧಾರಿಯಾದ ತಾಚಿಬಾನಾ ತೇಜಿರೊ ನಿರ್ವಹಿಸಿದನು. ಹೊಸ ಮಾಧ್ಯಮವು ಕಬುಕಿಯ ಹಳೆಯ ಸಂಪ್ರದಾಯಕ್ಕೆ ಅಂಟಿಕೊಂಡಿದ್ದುದು ಇಲ್ಲಿ ಗಮನಾರ್ಹ. ಸುಮಾಕೊಳ ಗೀತೆ ಧ್ವನಿಮುದ್ರಿಕೆಯಲ್ಲಿ ಉಳಿದಿದೆ, ಚಿತ್ರ ಉಳಿದಿಲ್ಲ.

1923ರಲ್ಲಿ ನಿರ್ದೇಶಕನಾದ ಮಿಜೊಗುಚಿ ಕೆಂಜಿ ಆ ಒಂದೇ ವರ್ಷದಲ್ಲಿ ಯೂಜೀನ್ ಓನೀಲ್‌ನ ‘ಆನ್ನಾ ಕ್ರಿಸ್ಟಿ’ ನಾಟಕವನ್ನು, ಮೊರಿಸ್ ಲೆಬ್ಲಾನ್‌ನ ‘813’ ಪತ್ತೇದಾರಿ ಕಾದಂಬರಿಯನ್ನು, ಹಾಫ್‌ಮನ್‌ನ ಕಥೆಯೊಂದನ್ನು ಚಿತ್ರಗಳಾಗಿಸಿದನು. ತಾನು ರಚಿಸಿದ ಆಭರಣಗಳನ್ನು ಅಗಲಲಾರದೆ, ಅವನ್ನು ಮರಳಿ ಪಡೆಯಲು ಕೊಲೆಗಿಳಿಯುವ ಅಕ್ಕಸಾಲಿಯೊಬ್ಬನು ಹಾಫ್‌ಮನ್‌ನ ಕಥೆಯಲ್ಲಿದ್ದಾನೆ. ಅದರಿಂದ ರೂಪುಗೊಂಡ ‘ರಕ್ತ ಮತ್ತು ಆತ್ಮ’ ಚಿತ್ರದ ಮೇಲೆ ಜರ್ಮನ್ ಅಭಿವ್ಯಕ್ತಿವಾದದ ಪ್ರಭಾವವಿತ್ತು. ಈ ಮೂರೂ ಚಿತ್ರಗಳು ಇಂದು ಲಭ್ಯವಿಲ್ಲ.

ಬೇಗ ಹೊತ್ತಿಕೊಳ್ಳುವ ನೈಟ್ರೇಟ್ ಸುರುಳಿ, 1923ರ ಸೆಪ್ಟೆಂಬರ್ 1ರ ಮಹಾಭೂಕಂಪ, ಯುದ್ಧಕಾಲದ ಬಾಂಬ್ ದಾಳಿ, ಪ್ರದರ್ಶನ ಮುಗಿದ ಚಿತ್ರಗಳ ಬಗೆಗಿನ ಅನಾದರ, ಇವೆಲ್ಲ ಸೇರಿ ಆ ಕಾಲದ ಬಹುಪಾಲು ಚಿತ್ರಗಳನ್ನು ಕಬಳಿಸಿದವು.

ಉಳಿದ ವಿರಳ ನಿದರ್ಶನಗಳಲ್ಲಿ ಮುರಾತಾ ಮಿನೊರುವಿನ ‘ಹಾದಿಯ ಜೀವಗಳು’ (1921) ಮುಖ್ಯವಾದುದು. ಗಾರ್ಕಿಯ ನಾಟಕವನ್ನೂ ವಿಲ್‌ಹೆಲ್ಮ್ ಶ್ಮಿಟ್‌ಬಾನ್‌ನ ಕೃತಿಯನ್ನೂ ಆಧರಿಸಿದ ಈ ಚಿತ್ರ, ಎರಡು ಕಥಾನಕಗಳನ್ನು ಪರಸ್ಪರ ಹೆಣೆದು ಜಪಾನಿನ ಹಿಮಾವೃತ ಬೆಟ್ಟದ ನೆಲದಲ್ಲಿ ನಿಲ್ಲಿಸುತ್ತದೆ. ರೂಪಾಂತರವೆಂಬುದು ಅನುಕರಣವನ್ನು ಮೀರಿದ ಸ್ವತಂತ್ರ ವ್ಯಾಖ್ಯಾನವೂ ಆಗಬಲ್ಲದೆಂಬುದಕ್ಕೆ ಇದೇ ಸಾಕ್ಷಿ.

ಆದಕಾರಣ ‘ಕತ್ಯೂಷಾ’ ಚಿತ್ರದೊಡನೆ ಟಾಲ್‌ಸ್ಟಾಯ್‌ನ ಒಂದಕ್ಷರವೂ ನಷ್ಟವಾಗಿಲ್ಲವೆಂದು ಸಮಾಧಾನಪಡುವುದು ಯುಕ್ತವಲ್ಲ. ತೆರೆಯ ಪಕ್ಕದಲ್ಲಿ ನಿಂತು ಕಥೆಗೆ ದನಿಗೂಡಿಸುತ್ತಿದ್ದ ಬೆನ್ಶಿ ನಿರೂಪಕನ ಮಾತು, ಸ್ತ್ರೀವೇಷದ ನಟನ ಮುಖಭಾವ, ಇವುಗಳ ಮೂಲಕ ಸಾಮಾನ್ಯ ಪ್ರೇಕ್ಷಕನು ಟಾಲ್‌ಸ್ಟಾಯ್‌ನನ್ನು ಗ್ರಹಿಸಿದ ಬಗೆ ಆ ಸುರುಳಿಗಳೊಡನೆಯೇ ಅಳಿಯಿತು. ಮೂಲಗ್ರಂಥವನ್ನು ಎಷ್ಟು ಬಾರಿ ಓದಿದರೂ ಅದು ಮರಳಿ ದೊರೆಯದು.