ಒಂದು ಕಾಡತೂಸು, ಎರಡು ಬಾಯಿ

ಮೊನ್ನೆ ಐತವಾರ ಊಟ ಆದಮ್ಯಾಲೆ ಎಲ್ಲಾರೂ ಟಿವಿ ಮುಂದ ಕೂತು ಹಳೇ ಕೌಬಾಯ್ ಪಿಕ್ಚರ್ ನೋಡ್ಲಿಕ್ಕತ್ತಿದ್ವಿ. ಹೀರೋ ಸೊಂಟದ ಪಟ್ಟಾದಾಗಿಂದ ನಾಕು ಕಾಡತೂಸು ಕಿತ್ತು ರಿವಾಲ್ವರಿಗೆ ತುಂಬಿದ, ಮತ್ತ ನಾಕು ಕಿತ್ತು ಉದ್ದ ಬಂದೂಕಿಗೆ ತುರುಕಿದ. ತಮ್ಮನ ಮಗ ಕೇಳಿದ, "ಅತ್ಯಾ, ಎರಡಕ್ಕೂ ಒಂದ ಗುಂಡು ಹ್ಯಾಂಗ ಹಿಡೀತದ?" ನಮ್ಮ ಮನ್ಯಾಗ ಟಾರ್ಚಿಗೆ ದಪ್ಪ ಸೆಲ್ಲು, ಗಡಿಯಾರಕ್ಕ ಸಣ್ಣದು, ರಿಮೋಟಿಗೆ ಅದಕ್ಕಿಂತ ಸಣ್ಣದು. ಕರೆಂಟ್ ಹೋದಾಗ ಬೇಕಾದದ್ದು ಒಂದರೇ ಡಬ್ಬ್ಯಾಗ ಸಿಗೂದಿಲ್ಲ. ಹುಡುಗ ಕೇಳಿದ್ದು ಖರೇನ ಛಲೋ ಪ್ರಶ್ನೆ. ಉತ್ತರ ಮಾತ್ರ ಪಿಕ್ಚರ್‌ದಾಗ ತೋರಿಸಿದಷ್ಟು ಸಸಾರ ಇಲ್ಲ.

ಮೊದಲ ಲಿವರ್ ಬಂದೂಕು ಅಂದ್ರೇನು ಹೇಳಿಬಿಡ್ತೀನಿ. ಕುದುರಿ ಸುತ್ತ ಇರೋ ಕಬ್ಬಿಣದ ಬಳಿನ ಹಿಂದಕ್ಕ ಬೆಳೆದು ಒಂದು ಹಿಡಿಕಿ ಆಗಿರ್ತದ. ಅದನ್ನ ಕೆಳಗ ತಳ್ಳಿದ್ರ ಖಾಲಿ ಕೊಳವಿ ಹೊರಗ ಹಾರ್ತದ, ವಾಪಸ್ ಎಳದ್ರ ಹೊಸಾ ಕಾಡತೂಸು ಜಾಗಾಕ್ಕ ಬಂದು ಕೂಡ್ತದ. ಕಾಡತೂಸುಗಳು ನಳಿಗಿ ಕೆಳಗಿನ ಇನ್ನೊಂದು ಕೊಳವಿಯೊಳಗ ಸಾಲಾಗಿ ಮಲಗಿರ್ತಾವ. 1860ರ ಹೆನ್ರಿ ಬಂದೂಕಿನ್ಯಾಗ ಹಿಂಗ 16 ಹಿಡೀತಿದ್ವು. ಆದ್ರ ಆ ಕಾಡತೂಸಿನ ಕಿಡಿ ಹುಟ್ಟಿಸೋ ಮಸಾಲಿ ತಳದ ಅಂಚಿನೊಳಗ ಇರ್ತಿತ್ತು. ಸುತ್ತಿಗಿ ಏಟಿಗೆ ಅಂಚು ಜಜ್ಜಬೇಕಂದ್ರ ತಗಡು ತೆಳ್ಳಗ ಇರಬೇಕು. ತಗಡು ತೆಳ್ಳಗಿದ್ರ ಒಳಗ ಮದ್ದು ಹೆಚ್ಚು ಹಾಕೋ ಹಂಗಿಲ್ಲ. ಒಮ್ಮೆ ಹಾರಿಸಿದ ಮ್ಯಾಲೆ ಆ ಕೊಳವಿ ಕಸ.

1873ರಾಗ ವಿಂಚೆಸ್ಟರ್ ಕಂಪನಿ ಹೊಸಾ ಬಂದೂಕು ತಂತು, ಅದಕ್ಕಂತನ ಹೊಸಾ ಕಾಡತೂಸೂ ತಂತು. ಕಿಡಿ ಹುಟ್ಟೋ ಕೇಪು ಈಗ ತಳದ ನಟ್ಟನಡುವ ಬಂತು. ಅಂಚು ಜಜ್ಜೋ ಕೆಲಸ ಇಲ್ಲದ್ದರಿಂದ ಕೊಳವಿ ಗಟ್ಟಿ ಮಾಡಬಹುದಾಯ್ತು. ಒಳಗ 40 ಗ್ರೇನ್ ಕಪ್ಪು ಮದ್ದು, ಅಂದ್ರ ನಮ್ಮ ಲೆಕ್ಕದಾಗ ಎರಡೂವರಿ ಗ್ರಾಂಗಿಂತ ಚೂರು ಹೆಚ್ಚು. ಮುಂದ 200 ಗ್ರೇನ್ ಸೀಸದ ಗುಂಡು, ಸುಮಾರು 13 ಗ್ರಾಂ. ಮುಂದ ಇದಕ್ಕ .44-40 ಅಂತ ಹೆಸರು ನಿಂತಿತು. 44 ಅನ್ನೋದು ಅಳತಿ, 40 ಅನ್ನೋದು ಮದ್ದು. ಇನ್ನೊಂದು ಲಾಭ ಅಂದ್ರ ಖಾಲಿ ಕೊಳವಿ ಆರಿಸಿಟ್ಟುಕೊಂಡು, ಹೊಸಾ ಕೇಪು, ಮದ್ದು, ಗುಂಡು ಹಾಕಿ ಮನ್ಯಾಗ ತಿರುಗಿ ತುಂಬಬಹುದಿತ್ತು. ಅದಕ್ಕ ಬೇಕಾದ ಇಕ್ಕಳದಂಥಾ ಸಾಮಾನನ್ನೂ ವಿಂಚೆಸ್ಟರ್‌ನವರು ಮಾರಿದ್ರು. ಅಂಗಡಿ ನಾಕು ದಿನದ ಹಾದಿ ದೂರ ಇದ್ದವರಿಗೆ ಇದು ಸಣ್ಣ ಮಾತಲ್ಲ.

ಅದ 1873ರಾಗ ಕೋಲ್ಟ್ ಕಂಪನಿಯ ಹೆಸರಾಂತ ರಿವಾಲ್ವರೂ ಬಂತು. ಅಮೆರಿಕದ ಸೈನ್ಯ ಅದನ್ನ ತಗೊಂಡಿತು. ಆದ್ರ ಅದರ ಕಾಡತೂಸು .45 ಕೋಲ್ಟ್. ವಿಂಚೆಸ್ಟರಿಗೂ ಅದಕ್ಕೂ ಸಂಬಂಧಿಲ್ಲ. ಒಂದ ವರ್ಷ ಹುಟ್ಟಿದ ಎರಡು ಕೂಸು, ಒಂದರ ಅಂಗಿ ಇನ್ನೊಂದಕ್ಕ ಆಗೂದಿಲ್ಲ! ಪಿಕ್ಚರ್ ಮಂದಿ ಇಲ್ಲೇ ಎಡವತಾರ. ಆ .45 ಕಾಡತೂಸಿನ ತಳದ ಅಂಚು ಭಾಳ ಸಣ್ಣದಿತ್ತು, ಖಾಲಿ ಕೊಳವಿ ಎಳೆಯೋ ಕೊಕ್ಕಿಗೆ ಹಿಡಿತ ಸಿಗೋದು ಕಷ್ಟ. 19ನೇ ಶತಮಾನದಾಗ ಆ ಅಳತಿಯ ಲಿವರ್ ಬಂದೂಕು ಮಾರಾಟಕ್ಕ ಬರಲೇ ಇಲ್ಲ. 'ಸ್ಟೇಜ್‌ಕೋಚ್' ಪಿಕ್ಚರ್‌ನ ಕಥಿ 1880ರ ಹೊತ್ತಿಂದು, ಹೀರೋ ಕೈಯಾಗಿರೋ ಬಂದೂಕು ಮಾತ್ರ 1892ರ ಮಾಡೆಲ್ಲು. ಇನ್ನ ಕಾಡತೂಸಿನ ಲೆಕ್ಕ ಯಾರು ಕೇಳ್ಯಾರು ಬಿಡ್ರಿ.

ಹಂಗಾರ ಜೋಡಿ ಕೂಡಿದ್ದು ಯಾವಾಗ? ಸುಮಾರು 1878ರಾಗ. ಕೋಲ್ಟ್‌ನವರು ತಮ್ಮ ರಿವಾಲ್ವರನ್ನ .44-40ಕ್ಕ ಹೊಂದಿಸಿ ಹೊರಗ ತಂದ್ರು. ನಳಿಗಿ ಮ್ಯಾಲೆ 'ಕೋಲ್ಟ್ ಫ್ರಾಂಟಿಯರ್ ಸಿಕ್ಸ್ ಶೂಟರ್' ಅಂತ ಬರೆಸಿದ್ರು. ಗಡಿನಾಡಿನ ಮಂದಿ ಮನ್ಯಾಗ ವಿಂಚೆಸ್ಟರ್ ಆಗಲೇ ಬಂದು ಕೂತಿತ್ತು, ಕೋಲ್ಟ್ ಅದರ ಡಬ್ಬಿಗೆ ಕೈ ಹಾಕಿತು ಅಷ್ಟ. ರೆಮಿಂಗ್ಟನ್‌ನವರೂ ಇದ ಹಾದಿ ಹಿಡಿದ್ರು. ಮುಂದ .38-40, .32-20 ಅನ್ನೋ ಇನ್ನೆರಡು ಜೋಡಿನೂ ಬಂದ್ವು. ಇಷ್ಟಾದ್ರೂ ಆ ಕೋಲ್ಟ್ ರಿವಾಲ್ವರಿನ್ಯಾಗ ಎಲ್ಲಕ್ಕಿಂತ ಹೆಚ್ಚು ಖರ್ಚಾದದ್ದು .45, .44-40ದ್ದು ಎರಡನೇ ನಂಬರು. ಅಂದ್ರ ಎರಡಕ್ಕೂ ಒಂದ ಕಾಡತೂಸು ಇಟ್ಟವರು ಬೇಕಾದಷ್ಟು ಮಂದಿ ಇದ್ರೂ, ಎಲ್ಲಾರೂ ಇಟ್ಟಿರಲಿಲ್ಲ.

ಯಾಕಿಲ್ಲ ಅಂದ್ರ ರೊಕ್ಕ. ಟೆಕ್ಸಾಸ್ ರೇಂಜರ್ ಆಗಿದ್ದ ಜೇಮ್ಸ್ ಗಿಲೆಟ್ ತನ್ನ ನೆನಪಿನ ಪುಸ್ತಕದಾಗ ಆ ದಿನದ ರೇಟು ಬರದಾನ. ವಿಂಚೆಸ್ಟರ್ ಉದ್ದನೇದು 50 ಡಾಲರ್, ಗಿಡ್ಡನೇದು 40. ರೇಂಜರನ ತಿಂಗಳ ಪಗಾರನೂ 40 ಡಾಲರ್! ಸರಕಾರ ಕೊಡತಿದ್ದದ್ದು ಒಂದೊಂದ ಗುಂಡು ಹಾಕಿ ಹಾರಿಸೋ ಶಾರ್ಪ್ಸ್ ಬಂದೂಕು, ಮತ್ತ ಅದಕ್ಕಷ್ಟ ಕಾಡತೂಸು. ವಿಂಚೆಸ್ಟರ್ ಬೇಕಂದವರು ಬಂದೂಕನ್ನೂ ಕಾಡತೂಸನ್ನೂ ಸ್ವಂತ ಖರ್ಚಿನ್ಯಾಗ ತರಬೇಕು. ಆದ್ರೂ ಅವನ ತುಕಡಿಯ 10 ಮಂದಿ ಒಂದು ತಿಂಗಳ ದುಡಿಮಿ ಸುರದು ತಗೊಂಡ್ರು. ಅವರ ಸೊಂಟದಾಗಿದ್ದ ಕೋಲ್ಟು ಮಾತ್ರ .45. ಹಿಂಗಾಗಿ ಎರಡು ನಮೂನಿ ಕಾಡತೂಸು ಹೊರೂದು ತಪ್ಪಲಿಲ್ಲ. ಇದ್ದ ರಿವಾಲ್ವರ್ ಬಿಟ್ಟು ಜೋಡಿ ಕೂಡಸ್ಲಿಕ್ಕೆ ಇನ್ನೊಂದು ಕೊಳ್ಳೂದು ಎಲ್ಲಾರ ಕೈಲಾಗೋ ಮಾತಲ್ಲ.

ಸೈನ್ಯದ ಕಥಿ ಇನ್ನೂ ಮಜಾ. ಸಿಪಾಯಿಯ ಸ್ಪ್ರಿಂಗ್‌ಫೀಲ್ಡ್ ಬಂದೂಕೂ 45, ಕೋಲ್ಟ್ ರಿವಾಲ್ವರೂ 45. ಅಂಕಿ ಒಂದ, ಕಾಡತೂಸು ಬ್ಯಾರೆ ಬ್ಯಾರೆ, ಬಂದೂಕಿಂದು ಮಾರುದ್ದ. ಅದು ಸಾಲದಂತ ಸ್ಮಿತ್ ಆ್ಯಂಡ್ ವೆಸ್ಸನ್‌ನವರ ಸ್ಕೋಫೀಲ್ಡ್ ರಿವಾಲ್ವರನ್ನೂ ತಗೊಂಡ್ರು. ಅದೂ 45, ಆದ್ರ ಅದರ ಕಾಡತೂಸು ಗಿಡ್ಡ. ಗಿಡ್ಡಂದು ಕೋಲ್ಟಿಗೆ ಹಿಡೀತದ, ಕೋಲ್ಟಿನ ಉದ್ದಂದು ಸ್ಕೋಫೀಲ್ಡಿಗೆ ಹಿಡಿಯೂದಿಲ್ಲ. ಉಗ್ರಾಣದಾಗ ಗೊಂದಲ ಆಗಿ, ಕಡೀಕ ಸರಕಾರಿ ಕಾರಖಾನಿ ಎರಡಕ್ಕೂ ಆಗೋ ಗಿಡ್ಡ ಕಾಡತೂಸನ್ನ ಮಾಡ್ಲಿಕ್ಕೆ ಹತ್ತಿತು. ಎರಡು ಭರಣಿಗೆ ಒಂದ ಮುಚ್ಚಳ ಹುಡುಕೋ ಕೆಲಸ ಇದು. ಹೆಣ್ಣುಮಕ್ಕಳನ್ನ ಕೇಳಿದ್ರ ಕೊಳ್ಳೋಕ್ಕಿಂತ ಮೊದಲ ಹೇಳತಿದ್ರು.

1876ರ ಜೂನ್ 25ಕ್ಕ ಲಿಟಲ್ ಬಿಗ್‌ಹಾರ್ನ್ ಹೊಳಿ ದಂಡಿ ಮ್ಯಾಲೆ ಕಸ್ಟರನ ಸಿಪಾಯಿಗಳು ತಲಾ 100 ಬಂದೂಕಿನ ಕಾಡತೂಸು, 24 ರಿವಾಲ್ವರಿನ ಕಾಡತೂಸು ಇಟ್ಕೊಂಡು ಹೋಗಿದ್ರು. ಎದುರಿಗಿದ್ದ ಲಕೋಟಾ, ಶೈಯೆನ್ ಜನರ ಕೈಯಾಗ ಬಿಲ್ಲು ಬಾಣದ ಜೋಡಿ ಹೆನ್ರಿ, ವಿಂಚೆಸ್ಟರ್ ಬಂದೂಕೂ ಇದ್ವು. 1983ರಾಗ ಅಲ್ಲೆ ಹುಲ್ಲಿಗೆ ಬೆಂಕಿ ಬಿದ್ದು ನೆಲ ಬತ್ತಲಾದ ಮ್ಯಾಲೆ ಪುರಾತತ್ವದವರು ಖಾಲಿ ಕೊಳವಿ ಆರಿಸಿ, ಯಾವ ಬಂದೂಕಿಂದು ಎಲ್ಲೆಲ್ಲಿ ಓಡ್ಯಾಡ್ತು ಅಂತ ನಕಾಶಿ ಮಾಡಿದ್ರು. ಆ ಕಾಳಗ ಗೆದ್ದವರಿಗೆ ಬಂದೂಕು ಇತ್ತು, ಕಾರಖಾನಿ ಇರಲಿಲ್ಲ. ಅದ ವರ್ಷ ಆಗಸ್ಟ್‌ನಾಗ ಅಮೆರಿಕದ ಕಾಂಗ್ರೆಸ್ಸು, ಕಾದಾಡೋ ಇಂಡಿಯನ್ ಜನರ ಕೈಗೆ ಲೋಹದ ಕಾಡತೂಸು ಮುಟ್ಟಬಾರದು ಅಂತ ಗೊತ್ತುವಳಿ ಮಾಡಿತು. ಬಂದೂಕು ಕಸಗೊಳ್ಳೂದು ಬ್ಯಾಡ, ಡಬ್ಬಿ ಬಂದ್ ಮಾಡಿದ್ರ ಸಾಕು ಅನ್ನೋದು ಸರಕಾರಕ್ಕೂ ಗೊತ್ತಿತ್ತು. ಅಲ್ಲೆ ಕಾಡತೂಸಿನ ಲೆಕ್ಕ ಹೊಟ್ಟಿ ಲೆಕ್ಕ ಆಗಿತ್ತು, ಜೀವದ್ದೂ ಆಗಿತ್ತು. ಒಂದ ನಮೂನಿ ಸಾಕಾಗಿದ್ರ ಎಷ್ಟು ಹಗರ ಅಂತ ಇದರ ಮ್ಯಾಲೆ ತಿಳೀತದ.

ಆದ್ರ ಎರಡಕ್ಕೂ ಆಗೋ ಸಾಮಾನು ಎರಡರಾಗೂ ಪೂರಾ ಕೆಲಸ ಮಾಡೂದಿಲ್ಲ. ಅದ ಕಾಡತೂಸು ಉದ್ದ ನಳಿಗಿಯೊಳಗ ಹೊಗಿ ಹೆಚ್ಚು ಹೊತ್ತು ದಬ್ಬೂದ್ರಿಂದ ಗುಂಡು ಜೋರಾಗಿ ಹೋಗ್ತದ. ರಿವಾಲ್ವರಿನ ನಳಿಗಿ ಗಿಡ್ಡ, ಮ್ಯಾಲೆ ಉರುಳಿಗೂ ನಳಿಗಿಗೂ ನಡುವಿನ ಸಂದಿಯಾಗ ಹೊಗಿ ಸೋರ್ತದ. ಜಿಂಕಿಗೆ ಸಾಕು, ಕಾಡೆಮ್ಮಿಗೆ ಸಾಲದು. ಅದಕ್ಕ ಕಾಡೆಮ್ಮಿ ಹೊಡ್ಯೋರು ದೊಡ್ಡ ಶಾರ್ಪ್ಸ್ ಬಂದೂಕನ್ನ ಬಿಡಲಿಲ್ಲ. ವಿಂಚೆಸ್ಟರೂ 1876ರಾಗ ದೊಡ್ಡ ಕಾಡತೂಸಿನ ಇನ್ನೊಂದು ಬಂದೂಕು ತರಬೇಕಾಯ್ತು.

ಈ ಜೋಡಿಯ ಎರಡು ಮನಿಯವರು ಬೀಗರಾಗಿದ್ರೂ ಒಳಗೊಳಗ ಹಾವು ಮುಂಗುಸಿ. 1883ರಾಗ ಕೋಲ್ಟ್‌ನವರು ತಾವೂ .44-40ರ ಲಿವರ್ ಬಂದೂಕು ಮಾಡಿದ್ರು, ಕೋಲ್ಟ್-ಬರ್ಜೆಸ್ ಅಂತ. ವಿಂಚೆಸ್ಟರ್‌ನವರ ಕಡೆ ನಮೂನಿಗೆ ಮಾಡಿದ ರಿವಾಲ್ವರ್ ಇದ್ವು. ಅವನ್ನ ಕೋಲ್ಟ್‌ನವರ ಮೇಜಿನ ಮ್ಯಾಲೆ ಇಟ್ಟು, 'ನೀವು ಬಂದೂಕು ಬಿಡ್ರಿ, ನಾವು ರಿವಾಲ್ವರ್ ಬಿಡ್ತೀವಿ' ಅಂದ್ರು ಅಂತ ಮಂದಿ ಕಥಿ ಹೇಳ್ತಾರ. ಕಾಗದ ಪತ್ರ ಇಲ್ಲದ ಕಥಿ. ಆದ್ರ 1885ಕ್ಕ ಕೋಲ್ಟ್-ಬರ್ಜೆಸ್ ನಿಂತಿದ್ದೂ ಖರೇ, ವಿಂಚೆಸ್ಟರ್ ಆಗ ರಿವಾಲ್ವರ್ ಮಾರಾಟಕ್ಕ ಇಳೀಲಿಲ್ಲ ಅನ್ನೋದೂ ಖರೇ.

ಜೋಡಿ ಬಿಚ್ಚಿದ್ದು ಕಾಡತೂಸಿನ ಒಳಗಿಂದನ. 20ನೇ ಶತಮಾನದ ಸುರುವಿನ್ಯಾಗ ಹೊಗಿ ಇಲ್ಲದ ಹೊಸಾ ಮದ್ದು ಹಾಕಿ ವಿಂಚೆಸ್ಟರ್‌ನವರು ಜೋರಿನ .44-40 ಮಾಡಿದ್ರು. 1892ರ ಗಟ್ಟಿ ಬಂದೂಕು ಅದನ್ನ ತಡಕೋತಿತ್ತು. ಹಳೇ 1873ರ ಬಂದೂಕು, ರಿವಾಲ್ವರ್ ತಡಕೋತಿರಲಿಲ್ಲ. ಅಳತಿ ಅದ, ಎರಡರಾಗೂ ಸಲೀಸಾಗಿ ಹಿಡೀತದ, ಹಾರಿಸಿದ್ರ ಮಾತ್ರ ಗಂಡಾಂತರ. ಹಿಂಗಾಗಿ ಯಾವುದಕ್ಕ ಹಾಕಬೇಕು, ಯಾವುದಕ್ಕ ಹಾಕಬಾರದು ಅಂತ ಡಬ್ಬಿ ಮ್ಯಾಲೆ ಅಚ್ಚು ಹಾಕಿಸಬೇಕಾಯ್ತು.