ಟೆಂಪೆ: ಜಾವಾದ ಅಡುಗೆಮನೆಯಲ್ಲಿ ಬೂಷ್ಟಿನ ಬೇಸಾಯ

ಇಂಡೋನೇಷ್ಯಾದ ಜಾವಾ ದ್ವೀಪದಲ್ಲಿ ಹುಟ್ಟಿದ ಟೆಂಪೆಯು, ಬೇಯಿಸಿದ ಸೋಯಾ ಅವರೆಯ ಮೇಲೆ ರೈಜೋಪಸ್ ಕುಲದ ಬೂಷ್ಟನ್ನು ಬೆಳೆಸಿ, ಅದರ ಬಿಳಿಯ ಎಳೆಗಳಿಂದ ಕಾಳುಗಳೆಲ್ಲ ಒಂದಕ್ಕೊಂದು ಹೆಣೆದುಕೊಂಡು ಗಟ್ಟಿ ಬಿಲ್ಲೆಯಾಗುವಂತೆ ಮಾಡಿದ ಆಹಾರ. ಸೋಯಾಕ್ಕೆ ಬೂಷ್ಟು ಹಿಡಿಸುವ ವಿದ್ಯೆ ಚೀನಾದಲ್ಲಿ ಪ್ರಾಚೀನವೇ ಆದರೂ, ಅಲ್ಲಿ ಅಂಥ ಕಾಳನ್ನು ಉಪ್ಪಿನಲ್ಲಿ ಬಹುಕಾಲ ಇಟ್ಟು ವ್ಯಂಜನವಾಗಿ ಬಳಸುವುದೇ ಹೆಚ್ಚು. ಉಪ್ಪಿನ ಸೋಂಕಿಲ್ಲದೆ ಒಂದೆರಡು ದಿನಗಳಲ್ಲಿ ಪಕ್ವವಾಗಿ ಅನ್ನದ ಜೊತೆಗೆ ಮುಖ್ಯ ಪದಾರ್ಥವಾಗಿ ನಿಲ್ಲುವ ಟೆಂಪೆ ಜಾವಾದವರದೇ ಕಲ್ಪನೆಯೆನ್ನಬಹುದು. 19ನೆಯ ಶತಮಾನದ ಎರಡನೆಯ ದಶಕದಲ್ಲಿ ಸುರಾಕರ್ತಾ ಅರಮನೆಯಲ್ಲಿ ಸಂಕಲನಗೊಳ್ಳತೊಡಗಿದ 'ಸೆರತ್ ಚೆಂತಿನಿ' ಎಂಬ ಬೃಹತ್ಕಾವ್ಯದಲ್ಲಿ ಟೆಂಪೆಯ ಉಲ್ಲೇಖವಿದೆ. ಕಾವ್ಯದ ಕಥೆ 1613ರಿಂದ 1645ರವರೆಗೆ ಆಳಿದ ಸುಲ್ತಾನ್ ಅಗುಂಗನ ಕಾಲದ್ದು. ಹಾಗೆಂದು ಕಥೆಯ ಕಾಲವನ್ನೇ ಟೆಂಪೆಯ ಕಾಲವೆಂದು ಹಿಡಿಯುವುದು ಅವಸರವಾದೀತು.

ಮನೆಯ ವಿಧಾನದಲ್ಲಿ ಕಾಳನ್ನು ಒಮ್ಮೆ ಬೇಯಿಸಿ, ರಾತ್ರಿಯಿಡೀ ನೆನೆಹಾಕಿ, ಬಿದಿರಿನ ಬುಟ್ಟಿಗೆ ಸುರಿದು ಕಾಲಿನಿಂದ ತುಳಿದು ಸಿಪ್ಪೆ ಬಿಡಿಸುತ್ತಿದ್ದರು. ಬಳಿಕ ಮತ್ತೆ ಬೇಯಿಸಿ, ನೀರು ಬಸಿದು, ಹರವಿ ಆರಿಸುತ್ತಿದ್ದರು. ನೆನೆಯುವಾಗ ಬರುವ ಹುಳಿ ಇಡ್ಲಿಹಿಟ್ಟಿನ ಹುಳಿಯಂತೆ ಬ್ಯಾಕ್ಟೀರಿಯಗಳ ಕೆಲಸವಾಗಿದ್ದು, ಕೆಡಿಸುವ ಸೂಕ್ಷ್ಮಜೀವಿಗಳನ್ನು ದೂರವಿಟ್ಟು ಬೂಷ್ಟಿಗೆ ಹಾದಿ ಮಾಡಿಕೊಡುತ್ತದೆ. ಹೆಪ್ಪಿನ ಏರ್ಪಾಡು ಇನ್ನೂ ಜಾಣತನದ್ದು. ದಾಸವಾಳದ ಬಳಗಕ್ಕೆ ಸೇರಿದ 'ವಾರು' ಮರದ ಎಲೆಯ ಅಡಿಮೈ ರೋಮಭರಿತ. ಅಂಥ ಎಲೆಗಳ ನಡುವೆ ಕಾಳನ್ನಿಟ್ಟು ಬೂಷ್ಟು ಕಪ್ಪಾಗಿ ಬೀಜಕ ಬಿಡುವವರೆಗೆ ಬೆಳೆಸಿ ಒಣಗಿಸಿದರೆ, ರೋಮಗಳಿಗೆ ಅಂಟಿದ ಬೀಜಕಗಳಿಂದ ಎಲೆಯೇ ಮುಂದಿನ ಸಲದ ಹೆಪ್ಪಾಗುತ್ತದೆ. ಇದಕ್ಕೆ 'ಉಸರ್' ಎಂದು ಹೆಸರು. ಹೆಪ್ಪು ಬೆರೆಸಿದ ಕಾಳನ್ನು ಬಾಳೆ ಅಥವಾ ತೇಗದ ಎಲೆಯಲ್ಲಿ ಕಟ್ಟಿಟ್ಟಾಗ ಬೂಷ್ಟಿಗೆ ಬೇಕಾದಷ್ಟೇ ಗಾಳಿಯಾಡುತ್ತದೆ. ಗಾಳಿ ಹೆಚ್ಚಾದರೆ ಬೇಗ ಕಪ್ಪಾಗುತ್ತದೆ, ಕಡಿಮೆಯಾದರೆ ಕಾಳು ಕೊಳೆಯುತ್ತದೆ.

ಜಾವಾದ ಪಾಕಕ್ರಮಗಳು ಟೆಂಪೆಯ ವಯಸ್ಸನ್ನು ಅನುಸರಿಸಿ ಬೆಳೆದಿರುವುದು ಗಮನಾರ್ಹ. ಬನ್ಯುಮಾಸ್ ಸೀಮೆಯ 'ಮೆಂಡೋಆನ್'ಗೆ ತೆಳ್ಳಗಿನ ಹಾಳೆಗಳಾಗಿಯೇ ಬೆಳೆಸಿದ ಹೊಸ ಟೆಂಪೆ ಬೇಕು. ಅದನ್ನು ಮಸಾಲೆ ಬೆರೆತ ಅಕ್ಕಿಹಿಟ್ಟಿನ ಸಂಪಣದಲ್ಲಿ ಅದ್ದಿ, ಗರಿಯಾಗುವ ಮೊದಲೇ ಎಣ್ಣೆಯಿಂದ ಎತ್ತಿ, ಮೆತ್ತಗಿರುವಾಗಲೇ ಹಸಿಮೆಣಸಿನ ಜೊತೆ ತಿನ್ನುತ್ತಾರೆ. ಮಧ್ಯಜಾವಾದ 'ಬಾಚೆಮ್'ನಲ್ಲಿ ದಪ್ಪ ತುಂಡುಗಳನ್ನು ತಾಳೆಬೆಲ್ಲ, ಕೊತ್ತಂಬರಿ ಬೀಜ, ಎಳನೀರಿನೊಂದಿಗೆ ರಸ ಇಂಗುವವರೆಗೆ ಸಣ್ಣ ಉರಿಯಲ್ಲಿ ಬೇಯಿಸಿ ಆಮೇಲೆ ಕರಿಯುವುದರಿಂದ, ಕಂದು ಬಣ್ಣದ ಜೊತೆಗೆ ಬಾಳಿಕೆಯೂ ಬರುತ್ತದೆ. ಮೀರಿ ಹಣ್ಣಾಗಿ ವಾಸನೆ ಹಿಡಿದ ಟೆಂಪೆಯನ್ನೂ ಎಸೆಯುವುದಿಲ್ಲ. ಕೆದಿರಿಯ 'ಸಾಂಬಲ್ ತುಂಪಾಂಗ್'ನಲ್ಲಿ ಅದನ್ನು ಅರೆದು, ತೆಂಗಿನ ಹಾಲು, ಮೆಣಸಿನಕಾಯಿ ಸೇರಿಸಿ ಕುದಿಸಿದಾಗ ಆ ವಾಸನೆಯೇ ಸಾರಿನ ಸತ್ವವಾಗುತ್ತದೆ.

ಏನನ್ನೂ ಎಸೆಯದ ಈ ಮಿತವ್ಯಯ ಒಂದು ಕಡೆ ಪ್ರಾಣಕ್ಕೇ ಎರವಾಯಿತು. ಎಣ್ಣೆ ತೆಗೆದುಳಿದ ತೆಂಗಿನ ಹಿಂಡಿಯಿಂದ ಬನ್ಯುಮಾಸ್‌ನ ಬಡವರು ಮಾಡುತ್ತಿದ್ದ 'ಟೆಂಪೆ ಬೊಂಗ್‌ಕ್ರೆಕ್'ನಲ್ಲಿ ಬೂಷ್ಟು ಸರಿಯಾಗಿ ಹಬ್ಬದಿದ್ದರೆ ಬೇರೊಂದು ಬ್ಯಾಕ್ಟೀರಿಯ ಬೆಳೆದು, ಬೇಯಿಸಿದರೂ ನಾಶವಾಗದ ವಿಷವನ್ನು ಬಿಡುತ್ತಿತ್ತು. 1930ರ ದಶಕದ ಆರಂಭದಲ್ಲಿ ಡಚ್ ವಿಜ್ಞಾನಿಗಳಾದ ಮೆರ್ಟೆನ್ಸ್ ಮತ್ತು ವಾನ್ ವೇನ್ ಕಾರಣವನ್ನು ಪತ್ತೆಹಚ್ಚಿದರೂ ಸಾವುಗಳು ನಿಲ್ಲಲಿಲ್ಲ. ಸರ್ಕಾರದ ನಿಷೇಧ ಬಂದದ್ದು 1988ರಲ್ಲಿ. ಸೋಯಾ ಟೆಂಪೆಗೆ ಅಂಥ ಕಳಂಕವಿಲ್ಲದಿದ್ದರೂ, ಅಗ್ಗದ ಆಹಾರವೆಂಬ ಕಾರಣಕ್ಕೆ ಅದರ ಹೆಸರು ದೌರ್ಬಲ್ಯದ ಸಂಕೇತವೆನಿಸಿ, ಅಧ್ಯಕ್ಷ ಸುಕರ್ಣೊ ಕೂಡ ಟೆಂಪೆಯ ಜನಾಂಗವಾಗಬಾರದೆಂದು ದೇಶದವರನ್ನು ಹುರಿದುಂಬಿಸಿದ್ದರು.

ಎಲೆಯ ಜಾಗಕ್ಕೆ ಈಗ ತೂತು ಕೊರೆದ ಪ್ಲಾಸ್ಟಿಕ್ ಚೀಲವೂ ಉಸರ್‌ನ ಜಾಗಕ್ಕೆ ಪುಡಿ ಹೆಪ್ಪೂ ಬಹುಮಟ್ಟಿಗೆ ಬಂದಿವೆ. ಕಾಳೂ ಊರಿನದಲ್ಲ: ಹೆಚ್ಚಿನ ಪಾಲು ಅಮೆರಿಕದಿಂದ ಆಮದಾಗುವುದರಿಂದ, ಸೋಯಾದ ಬೆಲೆ ಏರಿದ 2008ರ ಜನವರಿಯಲ್ಲಿ ಟೆಂಪೆ ತಯಾರಕರು ಕೆಲಸ ನಿಲ್ಲಿಸಿ ಜಕಾರ್ತಾದ ಬೀದಿಗಿಳಿದರು.